ಮಾದಪ್ಪನ ಹಾಡೂ ಗಿಟಾರಿನ ಸದ್ದೂ



ಕಳೆದ ವೈಶಾಖದಲ್ಲಿ ಚಾಮರಾಜನಗರದ ಕಲ್ಯಾಣಮಂಟಪವೊಂದರಲ್ಲಿ ನಮ್ಮ ಮನೆತನದ ಹುಡುಗಿಯೊಬ್ಬಳ ಆರತಕ್ಷತೆ ನಡೆಯಿತು. ನಿಮ್ಮಲ್ಲಿ ಹಲವರು ಅಲ್ಲಿದ್ದಿರಿ. ಮೈಸೂರಿನಿಂದ ಬಂದಿದ್ದ ಆರ್ಕೆಸ್ಟ್ರಾದ ಹುಡುಗರು ಎರಡು ಗಿಟಾರು, ಒಂದು ಡ್ರಮ್ ಸೆಟ್ಟು ಹೂಡಿಕೊಂಡು 'ನಿನ್ನ ಪೂಜೆಗೆ ಬಂದೆ ಮಾದೇಶ್ವರ' ಎಂದು ಶುರುಮಾಡಿದ ಕ್ಷಣದಲ್ಲಿ ನಡೆದದ್ದೂ ನಿಮಗೆ ಗೊತ್ತಿದೆ. ನಮ್ಮ ಚಿಕ್ಕಪ್ಪನವರು ಎಲೆಯ ಮುಂದಿನಿಂದ ಕೈತೊಳೆಯದೆ ಎದ್ದು ಬಂದು, "ದೇವರ ಹೆಸರನ್ನ ಇಂಗೆ ಕಿರುಚಾಡ್ಕೊಂಡು ಹೇಳದಾ? ನಿಲ್ಸಿ ಮೊದ್ಲು" ಎಂದು ಕೂಗಿದರು. ಹುಡುಗರು ನಿಲ್ಲಿಸಿದರು. ವರನ ಕಡೆಯವರು ಮುಖ ಮುಖ ನೋಡಿಕೊಂಡರು. ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೀನು ಮೇಷ್ಟ್ರು, ಕನ್ನಡ ಪಾಠ ಮಾಡ್ದಂವ, ನೀನಾದ್ರೂ ಹೇಳು" ಎಂದರು. ನಾನು ಪಾಯಸದ ಲೋಟ ನೋಡುತ್ತ ಕುಳಿತೆ. ಮಾರನೆಯ ದಿನದಿಂದ ಕುಟುಂಬದ ವಾಟ್ಸಪ್ ಗುಂಪಿನಲ್ಲಿ ಎರಡು ಪಕ್ಷಗಳಾದವು. ನಾನು ಯಾವ ಪಕ್ಷದಲ್ಲಿಯೂ ಬಾಯಿ ಬಿಡಲಿಲ್ಲ.

ಅಂದು ಹೇಳದೆ ಉಳಿದ ಮಾತನ್ನು ಇಂದು ಬರೆಯುತ್ತಿದ್ದೇನೆ. ಚಿಕ್ಕಪ್ಪನವರು ಇದನ್ನು ಯಾರಿಂದಲಾದರೂ ಓದಿಸಿಕೊಳ್ಳುತ್ತಾರೆಂದು ಬಲ್ಲೆ. ಸಿಟ್ಟಾದರೆ ಮನೆಗೆ ಬಂದು ಬೈಯಲಿ, ಕಾಫಿ ಕೊಡುತ್ತೇನೆ. ನನ್ನ ಅಭಿಪ್ರಾಯವಿಷ್ಟು: ಗಿಟಾರಿನಿಂದ ಮಾದಪ್ಪನಿಗೆ ಅಪಚಾರವಾಗುವುದಿಲ್ಲ. ಮಾದಪ್ಪನ ಹಾಡನ್ನು ನೂರಾರು ವರ್ಷ ಎದೆಯಲ್ಲಿಟ್ಟು ತಂದವರಿಗೆ ಅಪಚಾರವಾಗಿದೆ. ಅದನ್ನು ಮಾಡಿದವರು ಗಿಟಾರು ಹಿಡಿದ ಹುಡುಗರಷ್ಟೇ ಅಲ್ಲ.

ಮೊದಲು ಗಿಟಾರಿನ ವಿಷಯವನ್ನು ಮುಗಿಸಿಬಿಡುತ್ತೇನೆ. 'ನಿನ್ನ ಪೂಜೆಗೆ ಬಂದೆ' ಹಾಡು 2008ರಲ್ಲಿ ಬಂದ 'ಸೈಕೋ' ಎಂಬ ಚಿತ್ರದ್ದು. ಸಂಗೀತ ಕೊಟ್ಟು ಹಾಡಿದವರು ನಮ್ಮ ಮೈಸೂರಿನ ರಘು ದೀಕ್ಷಿತ್. ಆ ವರ್ಷ ಗುಂಡ್ಲುಪೇಟೆಯ ಆಟೋಗಳಲ್ಲಿ, ಊಟಿ ರಸ್ತೆಯ ಚಹಾದಂಗಡಿಗಳಲ್ಲಿ ಬೇರೊಂದು ಹಾಡು ಕೇಳಿದ ನೆನಪೇ ನನಗಿಲ್ಲ. ನಾನಿದ್ದ ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತನೆಯ ತರಗತಿಯ ನಾಲ್ವರು ಹುಡುಗರು, ಎಲ್ಲಿಂದಲೋ ಬಾಡಿಗೆಗೆ ತಂದ ಡ್ರಮ್ಮು ಇಟ್ಟುಕೊಂಡು, ಇದೇ ಹಾಡು ಹಾಡುತ್ತೇವೆಂದು ಹಟ ಹಿಡಿದರು. ನಾನು ಸಾಂಸ್ಕೃತಿಕ ಸಮಿತಿಯ ಸಂಚಾಲಕ. "ದೇವರ ಹೆಸರಿನ ಹಾಡಿಗೆ ಈ ಗದ್ದಲ ಸಲ್ಲದು" ಎಂದು ಪಟ್ಟಿಯಿಂದ ತೆಗೆದುಹಾಕಿದೆ. ಅವರಲ್ಲೊಬ್ಬ, ಕೊಳ್ಳೇಗಾಲದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದವನು, ತಲೆ ತಗ್ಗಿಸಿಕೊಂಡೇ ಕೇಳಿದ: "ಕಂಸಾಳೆನೂ ಕಂಚಿಂದೇ ಅಲ್ವಾ ಸಾ? ಅದೂ ಜೋರಾಗೇ ಬಡಿತರೆ." ನಾನು ಅವನಿಗೆ ಉತ್ತರ ಕೊಡಲಿಲ್ಲ, ಗದರಿಸಿದೆ. ಉತ್ತರ ತೋಚದಿದ್ದಾಗ ಗದರುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಬಿ.ಎಡ್. ತರಗತಿಯಲ್ಲಿ ಅದನ್ನು ಕಲಿಸುವುದಿಲ್ಲ. ಪ್ರತಿಯೊಬ್ಬರೂ ಸ್ವಂತ ಶ್ರಮದಿಂದ ಕಲಿಯುತ್ತೇವೆ.

ಆ ಹುಡುಗ ಹೇಳಿದ್ದು ಸರಿಯಾಗಿತ್ತು. ಶಿವರಾತ್ರಿಯಲ್ಲೋ ದೀಪಾವಳಿಯಲ್ಲೋ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದವರು ನೆನಪು ಮಾಡಿಕೊಳ್ಳಲಿ. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆ ತಾಳ. ಕಂಚಿನ ಮೇಲೆ ಕಂಚು ಬೀಳುವ ಆ ಸದ್ದು ಎದೆಯೊಳಗೆ ಕೇಳಿಸುತ್ತದೆ. ಬೀಸು ಕಂಸಾಳೆಯವರು ಹತ್ತಿಪ್ಪತ್ತು ಜನ ಸುತ್ತುಗಟ್ಟಿ, ಕೂತು, ಎದ್ದು, ಒಬ್ಬರ ತಾಳಕ್ಕೆ ಇನ್ನೊಬ್ಬರು ತಾಳ ತಾಗಿಸುತ್ತ, ನಡುನಡುವೆ 'ಉಘೇ' ಎಂದು ಕೂಗುವಾಗ ಪಕ್ಕದವರ ಮಾತು ಕೇಳುವುದಿಲ್ಲ. ಕೇಳಲೂಬಾರದು. ನಮ್ಮ ಮಾದಪ್ಪ ಹುಲಿಯೇರಿ ಬಂದ ದೇವರು, ಪಿಸುಮಾತಿನ ದೇವರಲ್ಲ. ಆ ಮಲೆಯಲ್ಲಿ ನಿಂತು, ಸದ್ದು ಜಾಸ್ತಿಯಾಯಿತು ಎಂದು ಗಿಟಾರಿನವರ ಮೇಲೆ ದೂರು ಹೇಳುವ ಬಾಯಿ ನಮಗೆಲ್ಲಿದೆ?

ಈ ಹಾರ್ಡ್ ರಾಕ್ ಎಂಬುದೇನೆಂದು ನನಗೆ ತಿಳಿಸಿಕೊಟ್ಟವನು ನನ್ನ ಅಕ್ಕನ ಮಗ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎಂಬ ಅಮೆರಿಕದ ತಂಡ ಹಾಡಿತು. ಇವನು ಚಾಮರಾಜನಗರದಿಂದ ಬಸ್ಸು ಹತ್ತಿ ಹೋಗಿ, ಎರಡು ದಿನ ಕಿವಿ ಕೇಳಿಸದೆ, ಕಪ್ಪು ಅಂಗಿ ತೊಟ್ಟುಕೊಂಡು ವಾಪಸು ಬಂದ. ಅಕ್ಕ ಅಳುತ್ತ ನನಗೆ ಫೋನು ಮಾಡಿದಳು. ಬುದ್ಧಿ ಹೇಳಲೆಂದು ಹೋದ ನಾನು ಒಂದು ಸಂಜೆ ಪೂರ್ತಿ ಅವನ ಕಂಪ್ಯೂಟರಿನ ಮುಂದೆ ಕುಳಿತೆ. ವಿದ್ಯುತ್ ಗಿಟಾರಿನ ದನಿಯನ್ನು ಬೇಕೆಂದೇ ಬಿರುಸು ಮಾಡಿ, ಒಡೆದು, ಗುಡುಗಿನಂತೆ ಉರುಳಿಸುವುದು. ಒಂದೇ ಸಣ್ಣ ಸ್ವರಗುಚ್ಛವನ್ನು ಮತ್ತೆ ಮತ್ತೆ ತಂದು ಕುಟ್ಟುವುದು. ಮೇಲೆ ಗಂಟಲು ಹರಿಯುವ ಹಾಡು. ಇಷ್ಟವಾಯಿತೆಂದು ಸುಳ್ಳು ಹೇಳಲಾರೆ. ಆದರೆ ಸ್ವರವನ್ನು ಮತ್ತೆ ಮತ್ತೆ ಕುಟ್ಟುವ ಆ ಕ್ರಮ ನನಗೆ ಹೊಸದಾಗಿರಲಿಲ್ಲ. ಅರ್ಧರಾತ್ರಿಯಾದ ಮೇಲೆ ಕಂಸಾಳೆಯವರು ಕಥೆಯನ್ನು ಎತ್ತುವುದೂ ಹೀಗೆಯೇ.

ಆ ಹುಡುಗನೇ ಇನ್ನೊಂದು ಸಂಗತಿಯನ್ನೂ ತೋರಿಸಿದ. 'ಸ್ಕೂಲ್ ಆಫ್ ರಾಕ್' ಎಂಬ ಚಿತ್ರ, 2003ರದು. ಸುಳ್ಳು ಹೇಳಿ ಶಾಲೆಯೊಂದರಲ್ಲಿ ಮೇಷ್ಟ್ರಾಗಿ ಸೇರಿ ಮಕ್ಕಳಿಗೆ ರಾಕ್ ಕಲಿಸುವವನ ಕಥೆ. (ಪರೀಕ್ಷೆ ಬರೆದು ಮೇಷ್ಟ್ರಾದ ನನಗೆ ಮೊದಲ ಅರ್ಧ ಗಂಟೆ ಬರೀ ಸಿಟ್ಟು ಬರುತ್ತಿತ್ತು.) ಅದರಲ್ಲಿ ಲೆಡ್ ಜೆಪ್ಪೆಲಿನ್ ತಂಡದ 'ಇಮಿಗ್ರೆಂಟ್ ಸಾಂಗ್' ಬೇಕಾಗಿತ್ತು. ಆ ತಂಡದವರು ಸಿನಿಮಾದವರಿಗೆ ಹಾಡು ಕೊಡುವುದರಲ್ಲಿ ಬಹಳ ಬಿಗಿ. ಆಗ ನಾಯಕ ನಟ ಜ್ಯಾಕ್ ಬ್ಲ್ಯಾಕ್ ವೇದಿಕೆಯ ಮೇಲೆ ನಿಂತು, ಚಿತ್ರೀಕರಣಕ್ಕೆ ಬಂದಿದ್ದ ಜನಸಮೂಹವನ್ನೂ ಜೊತೆಗೆ ಕೂಗಿಸಿ, "ದಯಮಾಡಿ ಹಾಡು ಕೊಡಿ" ಎಂದು ಬೇಡಿಕೊಳ್ಳುವುದನ್ನು ಚಿತ್ರೀಕರಿಸಿ ಕಳುಹಿಸಿದರು. ಹಾಡು ಸಿಕ್ಕಿತು. ಅದೇ ತಂಡದ 'ರಾಕ್ ಅಂಡ್ ರೋಲ್' 2002ರಲ್ಲಿ ಕ್ಯಾಡಿಲಾಕ್ ಕಾರಿನ ಜಾಹೀರಾತಿಗೆ ಹೋಯಿತು. 1995ರಲ್ಲಿ ಮೈಕ್ರೋಸಾಫ್ಟಿನವರು ವಿಂಡೋಸ್ 95 ಮಾರುವಾಗ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಟಾರ್ಟ್ ಮಿ ಅಪ್' ತೆಗೆದುಕೊಂಡರು. ಎಲ್ಲಕ್ಕೂ ಕರಾರು ಪತ್ರ, ಹಣ, ಹೆಸರು. ಒಂದು ನಿಮಿಷದ ಜಾಹೀರಾತಿಗೂ ಅಪ್ಪಣೆ ಕೇಳಲೇಬೇಕು.

ಹೀಗೆ ಬಿಗಿಯಾಗಿ ಕೂತ ಅದೇ ಲೆಡ್ ಜೆಪ್ಪೆಲಿನ್ ತಂಡದ ಇನ್ನೊಂದು ಕಥೆಯನ್ನೂ ನೀವು ತಿಳಿಯಬೇಕು. 1969ರಲ್ಲಿ ಅವರ 'ಹೋಲ್ ಲಾಟಾ ಲವ್' ಬಂತು. ಲೋಕವೆಲ್ಲ ಕುಣಿಯಿತು. ಅದರ ವಾದ್ಯರೂಪವೊಂದು ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಎಂಬ ಟೀವಿ ಕಾರ್ಯಕ್ರಮಕ್ಕೆ 1970ರ ದಶಕದಲ್ಲಿ ಬಹುಕಾಲ ಶೀರ್ಷಿಕೆ ಸಂಗೀತವಾಗಿತ್ತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಸಮಾರೋಪದಲ್ಲಿ ಆ ತಂಡದ ಗಿಟಾರುವಾದಕ ಜಿಮ್ಮಿ ಪೇಜ್ ಅದನ್ನೇ ನುಡಿಸಿದರು. ಆದರೆ ಆ ಹಾಡಿನ ಮಾತುಗಳಲ್ಲಿ ಬಹುಪಾಲು ಹಿಂದಿನದೊಂದು ಹಾಡಿನಿಂದ ಬಂದದ್ದು. ಅದನ್ನು ಬರೆದವರು ಷಿಕಾಗೋದ ಕರಿಯ ಸಂಗೀತಗಾರ ವಿಲ್ಲಿ ಡಿಕ್ಸನ್. 1962ರಲ್ಲಿ ಹಾಡಿದವರು ಮಡ್ಡಿ ವಾಟರ್ಸ್. ಡಿಕ್ಸನ್ 1985ರಲ್ಲಿ ದಾವೆ ಹೂಡಿದರು, 1987ರಲ್ಲಿ ರಾಜಿಯಾಯಿತು. ಅನಂತರದ ಮುದ್ರಣಗಳಲ್ಲಿ ಅವರ ಹೆಸರು ಸೇರಿತು. ತಮ್ಮಂಥ ಬ್ಲೂಸ್ ಗಾಯಕರಿಗೆ ಬರಬೇಕಾದ ಹಣ ಬರಿಸಿಕೊಡಲೆಂದು ಡಿಕ್ಸನ್ ಒಂದು ಪ್ರತಿಷ್ಠಾನವನ್ನೂ ಕಟ್ಟಿದರು. ಹಾಡು ಬಂದು ಹದಿನೆಂಟು ವರ್ಷಗಳ ಮೇಲೆ ಬಂದ ನ್ಯಾಯ. ತಡವಾಗಿಯಾದರೂ ಏಕೆ ಬಂತು? ಡಿಕ್ಸನ್‌ಗೆ ಹೆಸರಿತ್ತು. ಹಾಡು ಅವರ ಹೆಸರಿನಲ್ಲಿ ಕಾಗದದ ಮೇಲಿತ್ತು. ಅವರು ನ್ಯಾಯಾಲಯದಲ್ಲಿ ನಿಂತು "ಇದು ನನ್ನದು" ಎನ್ನಬಲ್ಲವರಾಗಿದ್ದರು.

ಈಗ ನಮ್ಮ ಮಲೆಗೆ ಬನ್ನಿ.

ಕನ್ನಡ ಚಿತ್ರಗಳು ಮಾದಪ್ಪನ ಒಕ್ಕಲಿನ ಹಾಡುಗಳನ್ನು ಇಂದು ನಿನ್ನೆ ತೆಗೆದುಕೊಂಡದ್ದಲ್ಲ. 1996ರ 'ಜನುಮದ ಜೋಡಿ'ಯಲ್ಲಿ 'ಕೋಲುಮಂಡೆ ಜಂಗಮ ದೇವರು' ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಎಲ್.ಎನ್. ಶಾಸ್ತ್ರಿಯವರ ಕಂಠವನ್ನು ಮೆಚ್ಚದವರಿರಲಿಲ್ಲ. 2005ರ 'ಜೋಗಿ'ಯಲ್ಲಿ ಮಚ್ಚು ಹಿಡಿಯುವ ನಾಯಕನ ಹೆಸರೇ ಮಾದೇಶ. ಆಗ ನಮ್ಮ ಹಿರಿಯರು ಯಾರೂ ಊಟದೆಲೆಯಿಂದ ಎದ್ದು ಬರಲಿಲ್ಲ. ಚಿತ್ರಮಂದಿರದ ಮುಂದೆ ಸಾಲುಗಟ್ಟಿ ನಿಂತೆವು. 2021ರ 'ಗರುಡ ಗಮನ ವೃಷಭ ವಾಹನ' ಬಂದಾಗ ಮಾತ್ರ ಗುಲ್ಲಾಯಿತು. ಮಂಗಳೂರಿನ ರೌಡಿಗಳ ಕಥೆ. ಅದರಲ್ಲಿ 'ಸೋಜುಗಾದ ಸೂಜು ಮಲ್ಲಿಗೆ' ಬರುತ್ತದೆ. ಹಾಡಿದವರು ಚೈತ್ರಾ ಆಚಾರ್, ಮೆಲುದನಿಯಲ್ಲಿ. ಅಲ್ಲಿ ಗಿಟಾರಿನ ಅಬ್ಬರವೇನೂ ಇಲ್ಲ. ಹಿಂಸೆಯ ದೃಶ್ಯಕ್ಕೆ ದೇವರ ಹಾಡು ಹಾಕಿದರೆಂದು ಮಾದಪ್ಪನ ಭಕ್ತರಲ್ಲಿ ಕೆಲವರು ಆಕ್ಷೇಪವೆತ್ತಿದರು.

ಈ ಆಕ್ಷೇಪವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮಾದಪ್ಪನ ಕಾವ್ಯದಲ್ಲಿ ಹಿಂಸೆ ಇಲ್ಲವೇ? ದೇವತೆಗಳನ್ನು ಸೆರೆಯಿಟ್ಟ ಶ್ರವಣ ದೊರೆಯನ್ನು ಸುಡುವ ಕಥೆ ಯಾರು ಹಾಡಿದ್ದು? ಸಂಕಮ್ಮನ ಸಾಲನ್ನು ಕೇಳಿದ್ದೀರಾ? ಮಕ್ಕಳಿಲ್ಲದ ಸಂಕಮ್ಮ, ಅನುಮಾನದ ಗಂಡ ನೀಲೇಗೌಡ. ಕಾಡಿಗೆ ಹೊರಡುವ ಮುನ್ನ ಹೆಂಡತಿ ಬಲಗೈ ಭಾಷೆ ಕೊಡಬೇಕೆಂದು ಹಟ ಹಿಡಿಯುತ್ತಾನೆ. ಆಕೆ ಕೊಡುವುದಿಲ್ಲ. ತಪ್ಪು ಮಾಡದವಳು ಆಣೆಯನ್ನೇಕೆ ಇಡಬೇಕು? ಅದಕ್ಕಾಗಿ ಆಕೆ ಪಡುವ ಚಿತ್ರಹಿಂಸೆಯನ್ನು ದೇವರಗುಡ್ಡರು ಹಾಡುವಾಗ ಕೇಳುವ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೊನೆಗೆ ಮಾದಪ್ಪ ಬರುತ್ತಾನೆ; ಕಾರಯ್ಯ, ಬಿಲ್ಲಯ್ಯ ಎಂಬಿಬ್ಬರು ಮಕ್ಕಳನ್ನು ಕೊಡುತ್ತಾನೆ. ನೆತ್ತರಿಗೂ ನೋವಿಗೂ ಹೆದರಿ ಹಿಂದೆ ಸರಿಯುವ ಕಾವ್ಯವಲ್ಲ ಇದು. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ದೇವರಗುಡ್ಡರು ಒಂದು ಸಾಲು ಹಾಡಿ ಮುಗಿಸಲು ಒಂದು ರಾತ್ರಿ ತೆಗೆದುಕೊಳ್ಳುತ್ತಾರೆ. ಸಿನಿಮಾಕ್ಕೆ ಬೇಕಾದದ್ದು ಮೂರು ನಿಮಿಷ. ಟೀವಿಯ ಹಾಡಿನ ಸ್ಪರ್ಧೆಗೆ ಎರಡು. ಜಾಹೀರಾತಿನವರಿಗೆ ಹತ್ತು ಸೆಕೆಂಡು ಸಾಕು. ಸಂಕಮ್ಮ ಏಕೆ ಆಣೆ ಇಡಲಿಲ್ಲ ಎಂಬುದನ್ನು ಹೇಳಲು ಹತ್ತು ಸೆಕೆಂಡು ಸಾಲುವುದಿಲ್ಲ. 'ಮಾದೇವ' ಎಂಬ ಕೂಗೊಂದು ಉಳಿಯುತ್ತದೆ, ಕೂಗಿದವಳ ಕಾರಣ ಉಳಿಯುವುದಿಲ್ಲ.

ಆದರೂ ಮೂರು ನಿಮಿಷದ ಹಾಡನ್ನೂ ನಾನು ಬೇಡವೆನ್ನುವುದಿಲ್ಲ. ಅದನ್ನು ಕೇಳಿ ನಮ್ಮ ಮಕ್ಕಳಲ್ಲಿ ನೂರಕ್ಕೊಬ್ಬರು ಇಡೀ ಕಥೆಯನ್ನು ಹುಡುಕಿಕೊಂಡು ಹೊರಟರೂ ಲಾಭವೇ. ಹಾಗೆ ಹೊರಟವನು ಎಲ್ಲಿಗೆ ಹೋಗಬೇಕು? ಹಾಡಿನ ಕೆಳಗೆ ಯಾರ ಹೆಸರಿದೆ? ಸಂಗೀತ ನಿರ್ದೇಶಕರ ಹೆಸರಿದೆ, ಗಾಯಕರ ಹೆಸರಿದೆ, ಧ್ವನಿಮುದ್ರಣ ಮಾಡಿದವರ, ಗಿಟಾರು ನುಡಿಸಿದವರ ಹೆಸರಿದೆ. ಸಾಹಿತ್ಯ ಎಂಬಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಪದ: 'ಜಾನಪದ'. ಕೆಲವರು 'ಸಾಂಪ್ರದಾಯಿಕ' ಎನ್ನುತ್ತಾರೆ. ನನ್ನ ಜಗಳವಿರುವುದು ಈ ಪದದೊಡನೆ.

ಜಾನಪದವೆಂದರೆ ಎಲ್ಲರದೂ, ಆದ್ದರಿಂದ ಯಾರದೂ ಅಲ್ಲ ಎಂಬ ವಾದ ಕೇಳಲು ಉದಾರವಾಗಿದೆ. ನಾನೂ ನಲವತ್ತು ಅಂಕದ ಪ್ರಶ್ನೆಪತ್ರಿಕೆಗಳಲ್ಲಿ ಅದನ್ನೇ ಬರೆಸಿ ಅಂಕ ಕೊಟ್ಟಿದ್ದೇನೆ: 'ಜನಪದ ಸಾಹಿತ್ಯದ ಲಕ್ಷಣ, ಕರ್ತೃ ಅಜ್ಞಾತ'. ಈಗ ಯೋಚಿಸಿದರೆ, ಅಜ್ಞಾತರಾದದ್ದು ಯಾರಿಗೆ? ಊರಿನವರಿಗಲ್ಲ. ಯಾವ ಸಾಲನ್ನು ಯಾವ ಊರಿನ ಯಾವ ಗುಡ್ಡರು ಚೆನ್ನಾಗಿ ಹಾಡುತ್ತಾರೆ, ಅವರಿಗೆ ಗುರು ಯಾರು, ಆ ಗುರು ಎಲ್ಲಿ ತಿರುವು ಕೊಡುತ್ತಿದ್ದರು ಎಂಬುದನ್ನು ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ಕಡೆಯ ಹಳ್ಳಿಗಳ ಮುದುಕರು ಇಂದಿಗೂ ಹೇಳಬಲ್ಲರು. ಕರ್ತೃ ಅಜ್ಞಾತನಾದದ್ದು ಬರೆದುಕೊಂಡವರಿಗೆ, ಅಂದರೆ ನಮಗೆ. ನಾವು ಕೇಳಲಿಲ್ಲ, ಕೇಳದೆ ಬಿಟ್ಟದ್ದನ್ನು ಲಕ್ಷಣ ಎಂದು ಹೆಸರಿಟ್ಟು ಪಾಠ ಮಾಡಿದೆವು.

ಶಿಶುನಾಳ ಶರೀಫರನ್ನು ನೋಡಿ. ರಘು ದೀಕ್ಷಿತರೇ 2008ರ ತಮ್ಮ 'ಅಂತರಾಗ್ನಿ' ಧ್ವನಿಸುರುಳಿಯಲ್ಲಿ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿದರು. ಅದಕ್ಕೂ ಮೊದಲು ಸಿ. ಅಶ್ವತ್ಥರು ಹಾಡಿದ್ದರು, 1990ರಲ್ಲಿ ನಾಗಾಭರಣರು ಚಿತ್ರವನ್ನೇ ಮಾಡಿದ್ದರು. ಯಾವ ವಾದ್ಯ ಬಂದರೂ ಶರೀಫರು ಕಳೆದುಹೋಗಲಿಲ್ಲ. ಅವರ ಪದದಲ್ಲಿ ಶಿಶುನಾಳಧೀಶನ ಅಂಕಿತವಿದೆ. ವಚನಕಾರರಿಗೂ ದಾಸರಿಗೂ ಅಂಕಿತವಿದೆ. ದೇವರ ಹೆಸರೇ ಆದರೂ ಇಂಥವರದೆಂಬ ಗುರುತು ಅದು, ಕಿತ್ತೆಸೆಯಲಾಗದಂತೆ ಹಾಡಿನೊಳಗೇ ಹೊಲಿದಿಟ್ಟ ಗುರುತು. ದೇವರಗುಡ್ಡರು ಹಾಗೆ ಮಾಡಿಕೊಳ್ಳಲಿಲ್ಲ. ದೀಕ್ಷೆ ಪಡೆದು ಮಾದಪ್ಪನ ಹೆಸರಿನಲ್ಲಿ ಹಾಡುವವರು ತಮ್ಮ ಹೆಸರನ್ನೇಕೆ ಇಡಬೇಕೆಂದುಕೊಂಡರು. ಅದು ಅವರ ವಿನಯ. ಆ ವಿನಯವನ್ನು ನಾವು ಬಿಟ್ಟಿ ಸರಕು ಮಾಡಿಕೊಂಡೆವು.

ಕಾನೂನಿನ ಮಾತೂ ಒಂದಿಷ್ಟಿರಲಿ, ವಕೀಲರಾದ ನನ್ನ ಶಿಷ್ಯರು ತಿದ್ದಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಚಿತ್ರಗೀತೆ ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಧನದ ಹಕ್ಕು ಗಟ್ಟಿಯಾಯಿತು. ಹಾಡಿದವರಿಗೂ ತಮ್ಮ ಹೆಸರು ಹೇಳಬೇಕೆಂದು ಕೇಳುವ ಹಕ್ಕು ಬಂತು. ಒಳ್ಳೆಯದೇ. ಆದರೆ ಆ ಹಕ್ಕು ಧ್ವನಿಮುದ್ರಣಗೊಂಡ ಅವರದೇ ಹಾಡುಗಾರಿಕೆಗೆ ಸಂಬಂಧಿಸಿದ್ದು. ಜಗುಲಿಯ ಮೇಲೆ ಕುಳಿತು ಹಾಡಿ ತೋರಿಸಿದ ಮುದುಕನಿಂದ ಹಾಡು ಕಲಿತು, ಸ್ಟುಡಿಯೋದಲ್ಲಿ ಮತ್ತೊಬ್ಬರಿಂದ ಹಾಡಿಸಿದರೆ ಮುದುಕನಿಗೆ ಕಾನೂನಿನಲ್ಲಿ ಏನೂ ಇಲ್ಲ. ಕರ್ತೃವಿಲ್ಲದ ಹಳೆಯ ಹಾಡಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಲೆಡ್ ಜೆಪ್ಪೆಲಿನ್ ಹಾಡು ಬೇಕಾದರೆ ಜನಸಮೂಹವನ್ನೇ ಕೂಗಿಸಿ ಬೇಡಬೇಕು. ಮಾದಪ್ಪನ ಹಾಡು ಬೇಕಾದರೆ ಒಂದು ಫೋನು ಕೂಡ ಬೇಕಿಲ್ಲ. ಇದನ್ನು ಕಾನೂನು ತಪ್ಪೆನ್ನುವುದಿಲ್ಲ. ನಾನು ಎನ್ನುತ್ತೇನೆ.

ಮಾಡಲು ಆಗದ ಕೆಲಸವೇನೂ ಅಲ್ಲ ಇದು. ಕೇಂದ್ರ ಸಾಹಿತ್ಯ ಅಕಾಡೆಮಿ 2001ರಲ್ಲಿ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಅನುವಾದಿಸಿದವರು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್. ಆ ಪುಸ್ತಕದ ಶೀರ್ಷಿಕೆಯ ಜೊತೆಯಲ್ಲಿಯೇ ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದು ಎಂದು ಅಚ್ಚಾಗಿದೆ. ಕಾವ್ಯ ಮಾದಯ್ಯನವರ ಸ್ವಂತದ್ದೆಂದು ಯಾರೂ ಹೇಳುತ್ತಿಲ್ಲ. ಇದನ್ನು ಇವರ ಬಾಯಿಂದ ಕೇಳಿದೆವು ಎಂದಷ್ಟೇ. ವಿದ್ವಾಂಸರಿಗೆ ಸಾಧ್ಯವಾದದ್ದು ಕೋಟಿಗಟ್ಟಲೆ ಹಾಕಿ ಚಿತ್ರ ತೆಗೆಯುವವರಿಗೆ, ಟೀವಿ ವಾಹಿನಿಗಳಿಗೆ, ಜಾಹೀರಾತಿನವರಿಗೆ ಏಕೆ ಸಾಧ್ಯವಿಲ್ಲ? ಕೊನೆಯಲ್ಲಿ ಉರುಳುವ ಹೆಸರುಗಳ ಪಟ್ಟಿಯಲ್ಲಿ ಚಹಾ ಒದಗಿಸಿದವರಿಗೂ ಕೃತಜ್ಞತೆ ಇರುತ್ತದೆ. ಅಲ್ಲಿ ಇನ್ನೊಂದು ಸಾಲು ಹಿಡಿಸದೇ? ಅದರ ಜೊತೆಗೆ, ಹಾಡು ಗೆದ್ದಾಗ ಆ ಮನೆಗೆ ಒಂದು ಪಾಲು ಕಳುಹಿಸಿದರೆ ಯಾವ ನಿರ್ಮಾಪಕರೂ ಬೀದಿಗೆ ಬರುವುದಿಲ್ಲ.

ಇಷ್ಟು ಹೊತ್ತು ಪರರನ್ನು ಬೈದೆ. ಇನ್ನು ಬರೆಯಬೇಕಾದದ್ದಕ್ಕೆ ಎರಡು ದಿನ ಕೈ ಬರಲಿಲ್ಲ.

1993ರಲ್ಲಿ, ಆಗ ನಾನು ಕೆಲಸ ಮಾಡುತ್ತಿದ್ದ ಗುಂಡ್ಲುಪೇಟೆ ಕಡೆಯ ಪ್ರೌಢಶಾಲೆಯ ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆಯೊಂದನ್ನು ತಂದೆವು. ಸಂಪಾದಕ ನಾನೇ. ಅದರಲ್ಲಿ ಸಂಕಮ್ಮನ ಸಾಲಿನ ಒಂದು ಭಾಗವನ್ನು ಆರು ಪುಟ ಅಚ್ಚು ಹಾಕಿಸಿದೆ. ಅದನ್ನು ಹಾಡಿಕೊಟ್ಟವರು ಶಾಲೆಯಿಂದ ಮೂರು ಮೈಲಿ ದೂರದ ಹಳ್ಳಿಯ ದೇವರಗುಡ್ಡರೊಬ್ಬರು, ಆಗಲೇ ಎಪ್ಪತ್ತು ದಾಟಿದವರು. ಮೂರು ಸಂಜೆ ಅವರ ಜಗುಲಿಯ ಮೇಲೆ ಕುಳಿತು, ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ಹಿಡಿದೆ. ಕರೆಂಟು ಹೋದಾಗ ಕೈಯಲ್ಲಿ ಬರೆದುಕೊಂಡೆ. ಅವರು ನನಗಾಗಿ ನಿಧಾನ ಮಾಡಿ, ಹಾಡಿದ್ದನ್ನೇ ಮತ್ತೆ ಹಾಡಿದರು. ಹಾಗೆ ತುಂಡು ತುಂಡಾಗಿ ಹಾಡುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗಾಗ ತಿಳಿಯಲಿಲ್ಲ. ನಾನು ಕೊಟ್ಟದ್ದು ಎಲೆಅಡಿಕೆ, ಒಂದು ಟವಲು. ಸಂಚಿಕೆ ಬಂದಾಗ ಒಂದು ಪ್ರತಿ ತೆಗೆದುಕೊಂಡು ಹೋದೆ. ಅವರಿಗೆ ಓದು ಬರುತ್ತಿರಲಿಲ್ಲ. ಪುಟಗಳನ್ನು ಮೆಲ್ಲಗೆ ಸವರಿ ನೋಡಿ, "ನನ್ನೆಸ್ರು ಎಲ್ಲದೆ ಮೇಷ್ಟ್ರೆ?" ಎಂದು ಕೇಳಿದರು.

ಪುಟದ ಮೇಲ್ಗಡೆ ಎರಡು ಸಾಲುಗಳಿದ್ದವು. ಮೊದಲನೆಯದು 'ಜಾನಪದ'. ಎರಡನೆಯದು 'ಸಂಗ್ರಹ' ಎಂದು, ಮುಂದೆ ನನ್ನ ಹೆಸರು, ಪಕ್ಕದಲ್ಲಿ ಬಿ.ಎ., ಬಿ.ಎಡ್. ಅವರ ಹೆಸರು ಆರು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಮರೆತದ್ದೂ ಅಲ್ಲ. ಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಬೆರಳಿಟ್ಟು 'ಜಾನಪದ' ಎಂಬ ಪದವನ್ನು ತೋರಿಸಿ, "ಇದೇ ನೋಡಿ" ಎಂದೆ. ಅವರು ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮುಂದೆ ಒಂದು ಕ್ಯಾಸೆಟ್ಟಿನ ಕಂಪೆನಿಯವರು ಬಂದು ಅವರಿಂದ ಹಾಡಿಸಿಕೊಂಡು ಹೋದರೆಂದೂ, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅವರ ಹೆಸರಿರಲಿಲ್ಲವೆಂದೂ ಕೇಳಿದೆ. ಆಗ ನನಗೆ ಬಹಳ ಕೋಪ ಬಂದಿತ್ತು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆರತಕ್ಷತೆಯ ಗಲಾಟೆಯಾದ ಎರಡು ವಾರದ ಮೇಲೆ ಆ ಹಳ್ಳಿಗೆ ಹೋದೆ. ಹಿರಿಯರು ತೀರಿಕೊಂಡು ಇಪ್ಪತ್ತು ವರ್ಷ ಮೇಲಾಗಿದೆ. ಮಗನಿದ್ದಾನೆ; ಚೆಂಡುಹೂವು, ಅರಿಶಿನ ಬೆಳೆಯುತ್ತಾನೆ. ಕಂಸಾಳೆ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಹಾಡು ಬರುತ್ತದೆಯೇ ಎಂದು ಕೇಳಿದೆ. "ಅರ್ಧಂಬರ್ಧ ಬತ್ತದೆ ಸಾ" ಎಂದ. ಹೀಗೆ ಹೀಗೆ, ಒಂದು ಲೇಖನ ಬರೆಯುತ್ತಿದ್ದೇನೆ, ನಿಮ್ಮ ತಂದೆಯ ಹೆಸರು ಹಾಕಬೇಕೆಂದಿದ್ದೇನೆ ಎಂದೆ. ಅವನು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಆ ಸಂಚಿಕೆಯನ್ನು ತಂದ.

"ನಮ್ಮಪ್ಪ ಬಂದೋರ್ಗೆಲ್ಲಾ ಇದ ತೋರ್ಸಿ ನನ್ನೆಸ್ರು ಅಂತಿದ್ರು ಸಾ. ನಂಗೆ ಓದಕೆ ಬಂದ ಮ್ಯಾಲೆ ಗೊತ್ತಾಯ್ತು. ಅವ್ರಿಗೆ ನಾ ಹೇಳ್ಲಿಲ್ಲ."

ನಾನು ಬಹಳ ಹೊತ್ತು ಏನೂ ಹೇಳಲಾರದೆ ಕುಳಿತೆ. ಅವನೇ ಮಾತಾಡಿದ. "ಇಂಟರ್ನೆಟ್ಟಲ್ಲಿ ಬರಿಯದ ಆಮ್ಯಾಕ ನೋಡವ. ಮೊದ್ಲು ಇದ್ರಲ್ಲಿ ಬರ್ದುಕೊಡಿ." ಜೇಬಿನಲ್ಲಿದ್ದ ಪೆನ್ನು ತೆಗೆದು 'ಜಾನಪದ' ಎಂಬುದನ್ನು ಹೊಡೆದುಹಾಕಿ ಮೇಲೆ ಅವರ ಹೆಸರನ್ನೂ ಅವರ ಗುರುಗಳ ಹೆಸರನ್ನೂ ಊರನ್ನೂ ಬರೆದೆ. ಗುರುಗಳ ಹೆಸರು ಮಗನಿಗೆ ಗೊತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದ. ಇಲ್ಲಿ ಬರೆಯಲು ಅವನಿನ್ನೂ ಒಪ್ಪಿಗೆ ಕೊಟ್ಟಿಲ್ಲ, ಆದ್ದರಿಂದ ಬರೆದಿಲ್ಲ. ಕೊಟ್ಟ ದಿನ ಈ ಬರಹದ ಮೊದಲ ಸಾಲೇ ಅದಾಗುತ್ತದೆ.

2008ರಲ್ಲಿ ನಾನು ಪಟ್ಟಿಯಿಂದ ತೆಗೆದುಹಾಕಿದ ಆ ನಾಲ್ವರು ಹುಡುಗರಲ್ಲಿ ಇಬ್ಬರು ಇಲ್ಲಿ ಓದುತ್ತಾರೆಂದು ಗೊತ್ತು. ಮುಂದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಡ್ರಮ್ಮು ತನ್ನಿ. ಚಿಕ್ಕಪ್ಪನವರನ್ನು ನಾನು ನೋಡಿಕೊಳ್ಳುತ್ತೇನೆ.

1993ರ ಆ ಬೆಳ್ಳಿಹಬ್ಬದ ಸಂಚಿಕೆಯನ್ನು ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದೆವು. ನಿಮ್ಮ ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ ಕೆಲವಾದರೂ ಇರಬೇಕು. ಸಿಕ್ಕವರು ನನಗೊಂದು ಕರೆ ಮಾಡಿ. ಹೆಸರು ಹೇಳುತ್ತೇನೆ, ನಲವತ್ತೊಂದನೆಯ ಪುಟದಲ್ಲಿ, ನನ್ನ ಹೆಸರಿನ ಮೇಲ್ಗಡೆ ಬರೆದುಕೊಳ್ಳಿ. ಶಾಯಿ ಪೆನ್ನು ಬೇಡ, ಆ ಕಾಗದದಲ್ಲಿ ಹರಡುತ್ತದೆ. ಬಾಲ್ ಪೆನ್ನಿನಲ್ಲಿ ಬರೆಯಿರಿ.